ಯಾವ ಅಂಚು ಹಿಮವನ್ನು ಹಿಡಿದಿದೆ? ಸ್ನೋಬೋರ್ಡ್ ಕಲಿಯಲು ಹೊರಟ ಕೊಡಗಿನವರಿಗೆ

ಕೊಡಗಿನ ತೋಟಗಳಲ್ಲಿ ಮಳೆಗಾಲ ಕಳೆದವರಿಗೆ ಒಂದು ನಡಿಗೆ ಯಾರೂ ಹೇಳಿಕೊಡದೆ ಬಂದಿರುತ್ತದೆ. ಜುಲೈ ತಿಂಗಳ ಮಳೆಗೆ ಕೆಮ್ಮಣ್ಣು ನೆನೆದು ಜಾರತೊಡಗಿದಾಗ, ಕಾಫಿ ಗಿಡಗಳ ನಡುವೆ ಇಳಿಜಾರಿನಲ್ಲಿ ಕೆಳಗಿಳಿಯುವವರು ಪಾದವನ್ನು ಇಳಿಜಾರಿನ ನೇರಕ್ಕೆ ಇಡುವುದಿಲ್ಲ. ಅದನ್ನು ಅಡ್ಡ ತಿರುಗಿಸಿ, ಗುಡ್ಡದ ಮೇಲ್ಬದಿಗಿರುವ ಅಂಚನ್ನು ಮಣ್ಣಿಗೆ ಒತ್ತಿ, ಮೊಣಕಾಲನ್ನು ಸಡಿಲವಾಗಿ ಬಗ್ಗಿಸಿಕೊಂಡು ಒಂದೊಂದೇ ಹೆಜ್ಜೆ ಇಳಿಯುತ್ತಾರೆ. ಗುಲ್ಮಾರ್ಗಿನ ಹಿಮದ ಮೇಲೆ ಸ್ನೋಬೋರ್ಡ್ ಕಲಿಯಲು ಹೋದ ನನಗೆ, ಎರಡು ದಿನ ಬಿದ್ದು ಎದ್ದ ಮೇಲೆ, ಆ ವಿದ್ಯೆಯ ತಿರುಳು ಈ ನಡಿಗೆಯಲ್ಲೇ ಇದೆ ಎಂಬುದು ಅರ್ಥವಾಯಿತು. ಯಾರಾದರೂ ಇದನ್ನು ಮೊದಲೇ ನಮ್ಮ ಭಾಷೆಯಲ್ಲಿ ಬಿಡಿಸಿ ಹೇಳಿದ್ದರೆ ಆ ಎರಡು ದಿನಗಳು ಇನ್ನಷ್ಟು ಫಲ ಕೊಡುತ್ತಿದ್ದವು ಎಂದು ಅನಿಸಿದ್ದರಿಂದ, ಕಾಫಿ ಕೊಯ್ಲು ಮುಗಿಸಿ ಹಿಮದ ಕಡೆಗೆ ಹೊರಡುವ ನಮ್ಮ ಜಿಲ್ಲೆಯ ಕಿರಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹಿಮ ನಮಗೆ ತೀರಾ ಪರಕೀಯವೇನಲ್ಲ. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯನವರು 1948ರಲ್ಲಿ ಕಾಶ್ಮೀರದಲ್ಲಿ 19ನೇ ಪದಾತಿ ಡಿವಿಜನ್ನನ್ನು ಮುನ್ನಡೆಸುತ್ತಿದ್ದಾಗ ಜೋಜಿ ಲಾ ಎಂಬ ಪರ್ವತದಾರಿಯ ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸಿದ ಸಂಗತಿ ಕೊಡಗಿನ ಮನೆಮನೆಗಳಲ್ಲಿ ಹೇಳಿಕೊಂಡು ಬಂದದ್ದು. ಅದೇ ವರ್ಷದ ಡಿಸೆಂಬರಿನಲ್ಲಿ ಅವರ ಡಿವಿಜನ್ ಗುಲ್ಮಾರ್ಗಿನಲ್ಲಿ ಸೈನಿಕರಿಗಾಗಿ ಒಂದು ಸ್ಕೀ ಶಾಲೆಯನ್ನು ಆರಂಭಿಸಿತು ಎಂಬುದನ್ನು ಬಲ್ಲವರು ಕಡಿಮೆ; ಆ ಶಾಲೆಯೇ ಬೆಳೆದು 1962ರಲ್ಲಿ, ಎತ್ತರದ ಪ್ರದೇಶಗಳ ಯುದ್ಧವನ್ನು ಕಲಿಸುವ, ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಯಿತು. ನಮ್ಮ ಕಾಲಕ್ಕೆ ಬಂದರೆ, ಕೊಡಗಿನವರೇ ಆದ ತೆಕ್ಕಡ ಭವಾನಿ ನಂಜುಂಡ ಅವರು ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಕ್ರಾಸ್ ಕಂಟ್ರಿ ಸ್ಕೀಯಿಂಗಿನಲ್ಲಿ ಕರ್ನಾಟಕಕ್ಕೆ ಚಿನ್ನ ತಂದಿದ್ದಾರೆ. ಹಿಮವೇ ಬೀಳದ ನಾಡಿನವರು ಹಿಮದ ಆಟವನ್ನು ಕಲಿಯಲಾರರು ಎಂಬ ಮಾತಿಗೆ ಇಷ್ಟು ಉತ್ತರ ಸಾಕು.

ಸ್ಕೀ ಮತ್ತು ಸ್ನೋಬೋರ್ಡ್ ಎರಡೂ ಹಿಮದ ಮೇಲೆ ಜಾರುವ ಸಾಧನಗಳಾದರೂ ಅವುಗಳ ಮೇಲೆ ನಿಲ್ಲುವ ಬಗೆ ಬೇರೆ. ಸ್ಕೀಯಲ್ಲಿ ಎರಡು ಕಾಲುಗಳಿಗೆ ಎರಡು ನೀಳ ಪಟ್ಟಿಗಳು, ಕೈಗಳಲ್ಲಿ ಎರಡು ಕೋಲುಗಳು, ಮುಖ ಚಲನೆಯ ದಿಕ್ಕಿಗೆ. ಸ್ನೋಬೋರ್ಡಿನಲ್ಲಿ ಎರಡೂ ಪಾದಗಳನ್ನು ಒಂದೇ ಹಲಗೆಯ ಮೇಲೆ ಅಡ್ಡಡ್ಡವಾಗಿ ಕಟ್ಟಿರುತ್ತಾರೆ, ಕೋಲುಗಳಿರುವುದಿಲ್ಲ, ದೇಹ ಪಕ್ಕಕ್ಕೆ ತಿರುಗಿರುತ್ತದೆ, ಕತ್ತು ಮಾತ್ರ ಮುಂದಕ್ಕೆ ನೋಡುತ್ತದೆ. ಅಮೆರಿಕದ ಮಿಷಿಗನ್ ರಾಜ್ಯದ ಶೆರ್ಮನ್ ಪಾಪೆನ್ ಎಂಬುವರು 1965ರ ಕ್ರಿಸ್‌ಮಸ್ ದಿನ ತಮ್ಮ ಹೆಣ್ಣುಮಕ್ಕಳಿಗೆಂದು ಎರಡು ಸ್ಕೀಗಳನ್ನು ಜೋಡಿಸಿ ಮಾಡಿದ ಆಟಿಕೆಯಿಂದ ಇದರ ಆಧುನಿಕ ಕಥೆ ಶುರುವಾಗುತ್ತದೆ. ಆ ಆಟಿಕೆಗೆ ‘ಸ್ನರ್ಫರ್’ ಎಂಬ ಹೆಸರು ಬಂತು. ಪಾದ ಕಟ್ಟುವ ಪಟ್ಟಿಯಾಗಲಿ ಲೋಹದ ಅಂಚಾಗಲಿ ಅದಕ್ಕೆ ಇರಲಿಲ್ಲ. ಮೂತಿಗೆ ಕಟ್ಟಿದ ಒಂದು ಹಗ್ಗವೇ ಲಗಾಮು. 1977ರಲ್ಲಿ ಜೇಕ್ ಬರ್ಟನ್ ಕಾರ್ಪೆಂಟರ್ ವರ್ಮಾಂಟಿನಲ್ಲಿ ಹಲಗೆ ತಯಾರಿಸುವ ಕಂಪನಿಯನ್ನು ಕಟ್ಟಿದರು, 1998ರ ನಾಗಾನೊ ಒಲಿಂಪಿಕ್ಸಿನಲ್ಲಿ ಸ್ನೋಬೋರ್ಡಿಂಗ್ ಮೊದಲ ಬಾರಿಗೆ ಪದಕದ ಸ್ಪರ್ಧೆಯಾಯಿತು. ಈ ನಡುವೆ ಹಲಗೆ ಹಲವು ಬಗೆಯಲ್ಲಿ ಬದಲಾಗಿದೆ, ಆದರೆ ಹೊಸಬರ ಪಾಲಿಗೆ ದೊಡ್ಡ ಬದಲಾವಣೆ ಎಂದರೆ ಪಾದಕ್ಕೆ ಬಿಗಿಯಾದ ಕಟ್ಟು ಮತ್ತು ಹಲಗೆಯ ಸುತ್ತ ಕೂರಿಸಿದ ಉಕ್ಕಿನ ಅಂಚು. ನಾನು ಮುಂದೆ ಹೇಳುವುದೆಲ್ಲ ಆ ಉಕ್ಕಿನ ಅಂಚಿನ ಕುರಿತೇ ಇದೆ.

ನಮ್ಮ ಮಕ್ಕಳು ಅಡಿಕೆ ಹಾಳೆಯ ಮೇಲೆ ಕುಳಿತು ಹುಲ್ಲಿನ ಗುಡ್ಡದಲ್ಲಿ ಜಾರುವುದನ್ನು ನೆನಪಿಸಿಕೊಳ್ಳಿ. ಹಾಳೆ ಎತ್ತ ಹೋಗುತ್ತದೆ? ಮಳೆಯ ನೀರು ಎತ್ತ ಹರಿಯುತ್ತದೆಯೋ ಅತ್ತ. ಅದನ್ನು ಎಡಕ್ಕೋ ಬಲಕ್ಕೋ ತಿರುಗಿಸುವ ಉಪಾಯವಿಲ್ಲ, ಏಕೆಂದರೆ ಹಾಳೆಗೆ ನೆಲವನ್ನು ಹಿಡಿಯುವ ಅಂಚಿಲ್ಲ. ಯಾವುದೇ ಇಳಿಜಾರಿನಲ್ಲಿ ಒಂದು ಚೊಂಬು ನೀರು ಸುರಿದರೆ ಅದು ಅತ್ಯಂತ ಕಡಿದಾದ ದಾರಿಯನ್ನು ಹುಡುಕಿಕೊಂಡು ಇಳಿಯುತ್ತದೆ. ತರಬೇತುದಾರರು ಆ ಗೆರೆಯನ್ನು ‘ಫಾಲ್ ಲೈನ್’ ಎನ್ನುತ್ತಾರೆ, ನಾನು ಅದನ್ನು ನೀರಿನ ಜಾಡು ಎಂದು ಕರೆಯುತ್ತೇನೆ. ತೋಟದಲ್ಲಿ ಮಣ್ಣು ಕೊಚ್ಚಿಹೋಗದಂತೆ ನಾವು ತೊಟ್ಟಿಲು ಗುಂಡಿಗಳನ್ನು ಈ ಜಾಡಿಗೆ ಅಡ್ಡವಾಗಿ ತೆಗೆಯುತ್ತೇವೆ. ಜಾಡಿನ ಉದ್ದಕ್ಕೆ ತೆಗೆದ ಗುಂಡಿ ನೀರಿಗೆ ಕಾಲುವೆಯಾಗುತ್ತದೆ, ಅಡ್ಡಲಾಗಿ ತೆಗೆದದ್ದು ತಡೆಯಾಗುತ್ತದೆ. ಹಲಗೆಯ ವಿಚಾರವೂ ಹೀಗೆಯೇ. ನೀರಿನ ಜಾಡಿನ ಉದ್ದಕ್ಕೆ ಮೂತಿ ಮಾಡಿದ ಹಲಗೆ ವೇಗ ಪಡೆಯುತ್ತದೆ. ಜಾಡಿಗೆ ಅಡ್ಡವಾಗಿ ತಿರುಗಿಸಿ, ಮೇಲ್ಬದಿಯ ಅಂಚನ್ನು ಹಿಮಕ್ಕೆ ಒತ್ತಿದ ಹಲಗೆ ನಿಲ್ಲುತ್ತದೆ. ಈ ಎರಡು ಸ್ಥಿತಿಗಳ ನಡುವೆ ಎಲ್ಲಿ ಬೇಕೋ ಅಲ್ಲಿ ಹಲಗೆಯನ್ನು ಇರಿಸಿಕೊಳ್ಳುವುದೇ ವೇಗದ ಹತೋಟಿ. ಸ್ನೋಬೋರ್ಡಿಗೆ ಬೇರೆ ಬ್ರೇಕ್ ಇಲ್ಲ.

ಹಲಗೆಯ ಒಳಗೆ ಮರದ ತಿರುಳು, ಅದರ ಮೇಲೆ ಕೆಳಗೆ ಫೈಬರ್‌ಗ್ಲಾಸ್ ಪದರ, ತಳದಲ್ಲಿ ಮೇಣ ಸವರಿದ ಪಾಲಿಥೀನ್ ಜಾತಿಯ ನುಣುಪಾದ ಹಾಳೆ ಇರುತ್ತವೆ. ಮೇಲಿನಿಂದ ನೋಡಿದರೆ ಹಲಗೆಯ ನಡು ಸಣ್ಣದಾಗಿ, ಎರಡು ತುದಿಗಳು ಅಗಲವಾಗಿ, ಹೆಚ್ಚುಕಡಿಮೆ ಡಮರುವಿನ ಆಕಾರದಲ್ಲಿ ಕಾಣುತ್ತದೆ. ಈ ಒಳಬಾಗು ಅಂದಕ್ಕಾಗಿ ಮಾಡಿದ್ದಲ್ಲ. ಹಲಗೆಯನ್ನು ಒಂದು ಅಂಚಿನ ಮೇಲೆ ಓರೆಯಾಗಿಸಿ ಭಾರ ಹಾಕಿದಾಗ, ಅಗಲವಾದ ಎರಡು ತುದಿಗಳು ಮೊದಲು ಹಿಮಕ್ಕೆ ತಾಗುತ್ತವೆ, ನಡು ಭಾಗ ಭಾರಕ್ಕೆ ಬಾಗಿ ಆಮೇಲೆ ತಾಗುತ್ತದೆ; ಆಗ ಹಿಮಕ್ಕೆ ಒತ್ತಿದ ಅಂಚು ಬಿಲ್ಲಿನಂತೆ ಬಾಗಿರುವುದರಿಂದ ಹಲಗೆ ತಾನಾಗಿಯೇ ಒಂದು ವೃತ್ತದ ಭಾಗವನ್ನು ಕೊರೆಯುತ್ತಾ ತಿರುಗುತ್ತದೆ. ಆದ್ದರಿಂದ ತಿರುಗಿಸಲು ಬಲಪ್ರಯೋಗ ಬೇಕಿಲ್ಲ. ಹೊಸಬರು ಹಿಂದಿನ ಕಾಲಿನಿಂದ ಹಲಗೆಯ ಬಾಲವನ್ನು ಒದ್ದು ತಿರುಗಿಸಲು ಹೆಣಗುವುದನ್ನು ದಿನವಿಡೀ ಕಾಣಬಹುದು. ಅವರು ಹಲಗೆ ತಾನೇ ಮಾಡಬೇಕಾದ ಕೆಲಸವನ್ನು ತಮ್ಮ ತೊಡೆಯ ಮೇಲೆ ಹೊತ್ತುಕೊಂಡು ಮಧ್ಯಾಹ್ನದೊಳಗೆ ದಣಿದುಹೋಗುತ್ತಾರೆ.

ಹಲಗೆಗೆ ಉದ್ದನೆಯ ಅಂಚುಗಳು ಎರಡು: ಪಾದದ ಬೆರಳುಗಳ ಕಡೆಗೆ ಒಂದು, ಹಿಮ್ಮಡಿಯ ಕಡೆಗೆ ಇನ್ನೊಂದು. ಗುಡ್ಡಕ್ಕೆ ಬೆನ್ನು ಮಾಡಿ ಕಣಿವೆಯತ್ತ ನೋಡುತ್ತಾ ನಿಂತಾಗ ಮೇಲ್ಬದಿಗೆ ಬರುವುದು ಹಿಮ್ಮಡಿಯ ಅಂಚು. ಗುಡ್ಡಕ್ಕೆ ಮುಖ ಮಾಡಿ ನಿಂತಾಗ ಮೇಲ್ಬದಿಗೆ ಬರುವುದು ಬೆರಳಿನ ಅಂಚು. ಇಲ್ಲಿಂದ ಬರುವ ನಿಯಮ ಒಂದೇ: ಹಲಗೆ ಜಾಡಿಗೆ ಅಡ್ಡವಾಗಿ ಇರುವಷ್ಟು ಹೊತ್ತೂ ಮೇಲ್ಬದಿಯ ಅಂಚು ಮಾತ್ರ ಹಿಮವನ್ನು ಹಿಡಿದಿರಬೇಕು, ಕೆಳಬದಿಯ ಅಂಚು ಹಿಮದಿಂದ ಎದ್ದಿರಬೇಕು.

ಈ ನಿಯಮ ತಪ್ಪಿದಾಗ ಏನಾಗುತ್ತದೆ ಎಂಬುದನ್ನು ನಿಧಾನವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಹೊಸಬರ ಜೋರಾದ ಬೀಳುವಿಕೆಗಳಲ್ಲಿ ಹೆಚ್ಚಿನವಕ್ಕೆ ಇದೊಂದೇ ಕಾರಣ. ಹಲಗೆ ಅಡ್ಡವಾಗಿ, ಹಿಮ್ಮಡಿಯ ಅಂಚಿನ ಮೇಲೆ, ಮೆಲ್ಲಗೆ ಕೆಳಗೆ ಜಾರುತ್ತಿದೆ ಎಂದುಕೊಳ್ಳಿ. ದಣಿವಿನಿಂದಲೋ ಗಮನ ತಪ್ಪಿಯೋ ನೀವು ಪಾದಗಳನ್ನು ಸಡಿಲ ಬಿಟ್ಟಿರಿ; ಹಲಗೆ ಚಪ್ಪಟೆಯಾಯಿತು. ಈಗ ಕೆಳಬದಿಯ ಅಂಚು ಜಾರುವಿಕೆಯ ದಿಕ್ಕಿಗೆ ಎದುರಾಗಿ ಹಿಮದೊಳಗೆ ಹೂತುಕೊಳ್ಳುತ್ತದೆ, ಕಲ್ಲಿಗೆ ಎಡವಿದಂತೆ ಪಾದಗಳು ಆ ಕ್ಷಣವೇ ನಿಲ್ಲುತ್ತವೆ, ಮೇಲಿನ ದೇಹ ಮಾತ್ರ ಅದೇ ವೇಗದಲ್ಲಿ ಮುಂದುವರಿಯುತ್ತದೆ. ಪಾದಗಳು ಹಲಗೆಗೆ ಕಟ್ಟಿರುವುದರಿಂದ ಒಂದು ಹೆಜ್ಜೆ ಮುಂದಿಟ್ಟು ಸಾವರಿಸಿಕೊಳ್ಳುವ ದಾರಿಯೂ ಇರುವುದಿಲ್ಲ. ಹಿಮ್ಮಡಿಯ ಅಂಚಿನಿಂದ ಹೀಗಾದರೆ ಮುಂದಕ್ಕೆ ಅಂಗೈ ಊರಿ ಬೀಳುತ್ತೇವೆ. ಬೆರಳಿನ ಅಂಚಿನಿಂದ ಹೀಗಾದರೆ ಹಿಂದಕ್ಕೆ, ತಲೆಯ ಹಿಂಭಾಗ ನೆಲಕ್ಕೆ ಬಡಿಯುವಂತೆ ಬೀಳುತ್ತೇವೆ. ಬಹಳ ಕಡಿಮೆ ವೇಗದಲ್ಲಿಯೂ ಇದು ಆಗಬಲ್ಲದು. ‘ಮೆಲ್ಲಗೆ ಹೋಗುತ್ತಿದ್ದೇನೆ, ಹೆಲ್ಮೆಟ್ ಏಕೆ’ ಎಂದು ಕೇಳುವವರಿಗೆ ನಾನು ಈ ಒಂದು ಕಾರಣವನ್ನೇ ಹೇಳುತ್ತೇನೆ.

ಹಾಗಾದರೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ದಾಟುವುದು ಹೇಗೆ? ದಾಟುವಾಗ ಹಲಗೆ ಒಂದು ಕ್ಷಣವಾದರೂ ಚಪ್ಪಟೆಯಾಗಲೇಬೇಕಲ್ಲವೇ? ನನ್ನನ್ನು ಎರಡು ದಿನ ಕಾಡಿದ ಪ್ರಶ್ನೆ ಇದೇ. ಉತ್ತರ ಇಷ್ಟು: ಚಪ್ಪಟೆಯಾದ ಹಲಗೆ ಅಡ್ಡ ಜಾರುವಾಗ ಮಾತ್ರ ಅಪಾಯಕಾರಿ, ತನ್ನ ಮೂತಿ ನೋಡುತ್ತಿರುವ ದಿಕ್ಕಿಗೇ ಚಲಿಸುತ್ತಿರುವಾಗ ಅದರ ಯಾವ ಪಕ್ಕದ ಅಂಚೂ ಚಲನೆಗೆ ಎದುರಾಗಿರುವುದಿಲ್ಲ. ಅಂದರೆ ಅಂಚು ಬದಲಿಸಲು ಸುರಕ್ಷಿತವಾದ ಗಳಿಗೆ ಒಂದೇ, ಹಲಗೆಯ ಮೂತಿ ನೇರವಾಗಿ ನೀರಿನ ಜಾಡಿನ ಗುಂಟ ಕೆಳಗೆ ನೋಡುತ್ತಿರುವ ಗಳಿಗೆ. ಮನಸ್ಸು ಅತಿ ಹೆಚ್ಚು ಹೆದರುವ ಗಳಿಗೆಯೂ ಅದೇ. ವೇಗ ಏರುತ್ತಿರುತ್ತದೆ, ತಡೆಯುವ ಅಂಚು ಯಾವುದೂ ಕಾಲಡಿ ಇರುವುದಿಲ್ಲ, ದೇಹ ತನ್ನಷ್ಟಕ್ಕೆ ಗುಡ್ಡದ ಕಡೆಗೆ, ಹಿಂದಿನ ಕಾಲಿನ ಮೇಲೆ ವಾಲುತ್ತದೆ. ಹಿಂದೆ ವಾಲಿದ ಕೂಡಲೇ ಮೂತಿಯ ಮೇಲಿನ ಭಾರ ತಪ್ಪಿ, ಹಲಗೆ ಹೇಳಿದ ಮಾತು ಕೇಳದೆ ಜಾಡಿನಲ್ಲೇ ಓಡುತ್ತದೆ. ಜಾರುವ ಮಣ್ಣಿನ ಇಳಿಜಾರಿನಲ್ಲಿ ಹೆದರಿ ಹಿಂದಕ್ಕೆ ವಾಲಿದವರ ಪಾದ ಮುಂದಕ್ಕೆ ಜಾರಿ ಬೆನ್ನಡಿಯಾಗಿ ಬೀಳುವುದನ್ನು ನಾವು ಪ್ರತಿ ಮಳೆಗಾಲ ಕಂಡಿದ್ದೇವೆ; ಮೊಣಕಾಲು ಬಗ್ಗಿಸಿ ಭಾರವನ್ನು ಮುಂದಿಟ್ಟುಕೊಂಡು ಇಳಿಯುವವರೇ ನಿಲ್ಲುತ್ತಾರೆ. ಹಿಮದ ಮೇಲೂ ಮುಂದಿನ ಕಾಲಿನ ಮೇಲೆ ನಿಲ್ಲುವ ಧೈರ್ಯವೇ ತಿರುವಿನ ಕೀಲಿ.

ಇದನ್ನು ಒಪ್ಪಿಕೊಂಡರೆ ಕಲಿಕೆಯ ಕ್ರಮ ಏಕೆ ಹಾಗಿದೆ ಎಂಬುದು ತಿಳಿಯುತ್ತದೆ. ಮೊದಲು ಸಮತಟ್ಟಾದ ಜಾಗದಲ್ಲಿ ಮುಂದಿನ ಕಾಲನ್ನು ಮಾತ್ರ ಹಲಗೆಗೆ ಕಟ್ಟಿ, ಹಿಂದಿನ ಕಾಲಿನಿಂದ ನೆಲ ತಳ್ಳುತ್ತಾ ಚಲಿಸುವುದು; ಬಳಿಕ ಬಹಳ ಸಣ್ಣ ಇಳಿಜಾರಿನಲ್ಲಿ ಹಾಗೆಯೇ ನೇರವಾಗಿ ಜಾರಿ ತಾನಾಗಿ ನಿಲ್ಲುವವರೆಗೆ ಸಮತೋಲ ಕಾಯುವುದು. ಎಡಗಾಲು ಮುಂದಿಟ್ಟು ನಿಲ್ಲುವುದನ್ನು ‘ರೆಗ್ಯುಲರ್’ ಎಂದೂ ಬಲಗಾಲು ಮುಂದಿಡುವುದನ್ನು ‘ಗೂಫಿ’ ಎಂದೂ ಕರೆಯುತ್ತಾರೆ. ಎರಡರಲ್ಲಿ ಯಾವುದೂ ತಪ್ಪಲ್ಲ. ನಿಮ್ಮದು ಯಾವುದೆಂದು ತಿಳಿಯಲು ಹಿಮದವರೆಗೆ ಹೋಗಬೇಕಾಗಿಲ್ಲ. ಸಾಕ್ಸ್ ಹಾಕಿಕೊಂಡು ಮನೆಯ ನುಣುಪಾದ ಕೆಂಪು ನೆಲದ ಮೇಲೆ ನಾಲ್ಕು ಹೆಜ್ಜೆ ಓಡಿ ಜಾರಿನೋಡಿ, ಯಾವ ಕಾಲು ತಾನಾಗಿ ಮುಂದೆ ಬಂತೋ ಅದೇ ನಿಮ್ಮ ಮುಂದಿನ ಕಾಲು.

ಆಮೇಲೆ ಎರಡೂ ಕಾಲು ಕಟ್ಟಿಕೊಂಡು ಹಿಮ್ಮಡಿಯ ಅಂಚಿನ ಮೇಲೆ ಅಡ್ಡ ಜಾರುವ ಅಭ್ಯಾಸ. ಕಣಿವೆಯತ್ತ ಮುಖ ಮಾಡಿ ನಿಂತು, ಕಾಲ್ಬೆರಳುಗಳನ್ನು ಮೇಲೆತ್ತಿದರೆ ಅಂಚು ಹಿಡಿದು ಹಲಗೆ ನಿಲ್ಲುತ್ತದೆ, ಕೂದಲೆಳೆಯಷ್ಟು ಇಳಿಸಿದರೆ ಜಾರುತ್ತದೆ. ಈ ಕೂದಲೆಳೆಯ ಅಂತರವನ್ನು ಪಾದ ಅರಿಯುವವರೆಗೆ ಮುಂದಕ್ಕೆ ಹೋಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಇಡೀ ಬೆಳಗು ಇದಕ್ಕೇ ಹೋದರೂ ಅದು ವ್ಯರ್ಥವಲ್ಲ. ಬೆರಳಿನ ಅಂಚಿನ ಮೇಲೂ ಇದೇ ಅಭ್ಯಾಸ ಆಗಬೇಕು. ಅಲ್ಲಿ ಗುಡ್ಡಕ್ಕೆ ಮುಖ ಮಾಡಿ, ಕಣಕಾಲಿನ ಮುಂಭಾಗವನ್ನು ಬೂಟಿನ ನಾಲಗೆಗೆ ಒತ್ತಿ, ಸೊಂಟವನ್ನು ಗುಡ್ಡದ ಕಡೆಗೆ ತಂದು ನಿಲ್ಲುತ್ತೇವೆ. ಎತ್ತ ಜಾರುತ್ತಿದ್ದೇವೆ ಎಂಬುದು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಹೆಚ್ಚಿನವರು ಇದನ್ನು ತಪ್ಪಿಸಿಕೊಂಡು ಹಿಮ್ಮಡಿಯ ಮೇಲೆಯೇ ದಿನ ಕಳೆಯುತ್ತಾರೆ. ಹಾಗೆ ತಪ್ಪಿಸಿಕೊಂಡವರಿಗೆ ತಿರುವು ಎಂದೂ ಪೂರ್ಣವಾಗುವುದಿಲ್ಲ, ಏಕೆಂದರೆ ತಿರುವಿನ ಅರ್ಧ ಭಾಗ ಬೆರಳಿನ ಅಂಚಿನಲ್ಲಿದೆ.

ಮುಂದಿನದು ತರಗೆಲೆಯ ಅಭ್ಯಾಸ. ಮರದಿಂದ ಉದುರಿದ ಎಲೆ ಗಾಳಿಯಲ್ಲಿ ಅತ್ತಿಂದಿತ್ತ ತೂಗುತ್ತಾ ಇಳಿಯುವಂತೆ, ಒಂದೇ ಅಂಚಿನ ಮೇಲೆ ಉಳಿದುಕೊಂಡು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಇಳಿಯುವುದು. ಎಡಕ್ಕೆ ಹೋಗಬೇಕಾದರೆ ಎಡಕ್ಕೆ ನೋಡಿ ಎಡಗಾಲಿನ ಮೇಲೆ ಸ್ವಲ್ಪ ಭಾರ ಹಾಕಿದರಾಯಿತು. ನೋಟಕ್ಕೆ ಇಲ್ಲಿ ಇರುವ ಬೆಲೆಯನ್ನು ನಾನು ಮೊದಲು ನಂಬಿರಲಿಲ್ಲ. ಕಣ್ಣು ಹೋದತ್ತ ತಲೆ, ತಲೆ ಹೋದತ್ತ ಭುಜ, ಭುಜದ ಹಿಂದೆ ಸೊಂಟ, ಸೊಂಟದ ಹಿಂದೆ ಮೊಣಕಾಲು, ಕೊನೆಗೆ ಹಲಗೆ, ಹೀಗೆ ತಿರುವು ಮೇಲಿನಿಂದ ಕೆಳಕ್ಕೆ ಇಳಿದು ಬರುತ್ತದೆ. ಕಾಲ ಬುಡದ ಹಿಮವನ್ನೇ ನೋಡುತ್ತಿದ್ದವರು ಕಾಲ ಬುಡದಲ್ಲೇ ಬೀಳುತ್ತಾರೆ. ಎದುರಿನ ಮರವನ್ನು ಡಿಕ್ಕಿ ಹೊಡೆಯುತ್ತೇನೋ ಎಂದು ಅದನ್ನೇ ದಿಟ್ಟಿಸುವವರು ಅದರತ್ತಲೇ ಸಾಗುತ್ತಾರೆ.

ಇಷ್ಟಾದ ಮೇಲೆ ತಿರುವು. ಎಡಗಾಲು ಮುಂದಿರುವವರು ಹಿಮ್ಮಡಿಯ ಅಂಚಿನ ಮೇಲೆ ಓರೆಯಾಗಿ ಸಾಗುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಮೊದಲು ನೋಟ ಕೆಳಕ್ಕೆ, ಜಾಡಿನ ಕಡೆಗೆ ತಿರುಗುತ್ತದೆ. ಭಾರ ಎಡಗಾಲಿಗೆ ಬರುತ್ತದೆ. ಎಡ ಪಾದದ ಬೆರಳುಗಳನ್ನು ಮೆಲ್ಲಗೆ ಕೆಳಕ್ಕೆ ಒತ್ತುತ್ತಾರೆ, ಬಲ ಪಾದ ಮಾತ್ರ ಇನ್ನೂ ಹಿಮ್ಮಡಿಯ ಮೇಲೆ ಇದೆ. ಇದರಿಂದ ಹಲಗೆ ಉದ್ದಕ್ಕೂ ತುಸು ತಿರುಚಿಕೊಳ್ಳುತ್ತದೆ, ಒದ್ದೆ ಬಟ್ಟೆಯನ್ನು ಹಿಂಡುವಾಗ ಎರಡು ಕೈಗಳು ಎದುರುಬದುರಾಗಿ ತಿರುಗುವ ಹಾಗೆ. ಮುಂಭಾಗದ ಅಂಚು ಹಿಡಿತ ಬಿಟ್ಟದ್ದರಿಂದ ಮೂತಿ ತಾನಾಗಿ ಕೆಳಗೆ ತಿರುಗುತ್ತದೆ. ಈಗ ಹಲಗೆ ಜಾಡಿನ ನೇರಕ್ಕೆ ಬಂದಿದೆ, ಚಪ್ಪಟೆಯಾಗಿದೆ. ಇಲ್ಲಿ ಅವಸರವೂ ಬೇಡ, ಹಿಂಜರಿಕೆಯೂ ಬೇಡ. ಒಂದು ಉಸಿರಿನಷ್ಟು ಹೊತ್ತು ತಾಳಿದ ಮೇಲೆ ಬಲ ಪಾದದ ಬೆರಳುಗಳೂ ಒತ್ತುತ್ತವೆ, ಎರಡೂ ಮೊಣಕಾಲುಗಳು ಬಾಗುತ್ತವೆ, ಬೆರಳಿನ ಅಂಚು ಹಿಡಿಯುತ್ತದೆ, ಹಲಗೆ ತನ್ನ ಒಳಬಾಗಿನ ಗುಣದಿಂದ ಸುತ್ತಿಕೊಂಡು ಮತ್ತೆ ಜಾಡಿಗೆ ಅಡ್ಡವಾಗುತ್ತದೆ, ಮುಖ ಗುಡ್ಡದತ್ತ ಬರುತ್ತದೆ, ವೇಗ ಇಳಿಯುತ್ತದೆ. ವೇಗವನ್ನು ತಗ್ಗಿಸಿದ್ದು ತಿರುವಿನ ಕೊನೆಯ ಭಾಗ ಎಂಬುದನ್ನು ಗಮನಿಸಬೇಕು. ತಿರುವನ್ನು ಅರ್ಧಕ್ಕೆ ಬಿಟ್ಟು ಮುಂದಿನದಕ್ಕೆ ಹೋದರೆ ಪ್ರತಿ ತಿರುವಿಗೂ ವೇಗ ಕೂಡುತ್ತಲೇ ಹೋಗುತ್ತದೆ. ಈ ಕಡೆಗೊಂದು, ಆ ಕಡೆಗೊಂದು ತಿರುವು ನಡುವೆ ನಿಲ್ಲದೆ ಸೇರಿಕೊಂಡಾಗ ಹಿಮದ ಮೇಲೆ ಹಾವಿನ ಹೆಜ್ಜೆಯಂತಹ ಗೆರೆ ಮೂಡುತ್ತದೆ, ಆಗ ನೀವು ಸ್ನೋಬೋರ್ಡ್ ಮಾಡುತ್ತಿದ್ದೀರಿ ಎಂದು ಹೇಳಬಹುದು. ಸಾಮಾನ್ಯ ದೇಹಾರೋಗ್ಯದವರಿಗೆ ಮೂರರಿಂದ ಐದು ದಿನಗಳ ಪಾಠದಲ್ಲಿ ಇದು ಸಾಧ್ಯ. ಸ್ಕೀಗೆ ಹೋಲಿಸಿದರೆ ಇಲ್ಲಿ ಮೊದಲ ಎರಡು ದಿನ ಹೆಚ್ಚು ಕಷ್ಟ, ಅಂಚು ಅರ್ಥವಾದ ಮೇಲಿನ ಪ್ರಗತಿ ಬೇಗ.

ಬೀಳುವುದನ್ನೂ ಕಲಿಯಬೇಕು, ಮೊದಲ ದಿನವೇ. ಹೊಸಬರಲ್ಲಿ ಅತಿ ಹೆಚ್ಚು ಪೆಟ್ಟಾಗುವುದು ಮಣಿಕಟ್ಟಿಗೆ, ಏಕೆಂದರೆ ಬೀಳುವಾಗ ಅಂಗೈ ಚಾಚಿ ನೆಲಕ್ಕೆ ಊರುವುದು ಮನುಷ್ಯನ ಸಹಜ ಸ್ವಭಾವ. ನಮ್ಮ ಗುಂಪಿನಲ್ಲಿದ್ದ ವಿರಾಜಪೇಟೆಯ ಹುಡುಗನೊಬ್ಬ ಮೊದಲ ಬೆಳಗಿನಲ್ಲೇ ಹೀಗೆ ಕೈಯೂರಿ ಮಣಿಕಟ್ಟು ಉಳುಕಿಸಿಕೊಂಡು, ಉಳಿದ ನಾಲ್ಕು ದಿನ ಬಿಸಿಲಿನಲ್ಲಿ ಕುಳಿತು ನಮ್ಮನ್ನು ನೋಡಬೇಕಾಯಿತು. ಮುಂದಕ್ಕೆ ಬೀಳುವಾಗ ಮುಷ್ಟಿ ಬಿಗಿದು, ಮೊಣಕಾಲು ಮತ್ತು ಮುಂಗೈಗಳ ಮೇಲೆ ಭಾರ ಹಂಚಿ ಬೀಳಬೇಕು. ಹಿಂದಕ್ಕೆ ಬೀಳುವಾಗ ಕೂರುವವರಂತೆ ತಗ್ಗಿ, ಗಲ್ಲವನ್ನು ಎದೆಗೆ ಒತ್ತಿ, ಬೆನ್ನಿನ ಮೇಲೆ ಉರುಳಬೇಕು, ಕೈಗಳನ್ನು ಹಿಂದೆ ಊರಬಾರದು. ಮಣಿಕಟ್ಟಿನ ರಕ್ಷಕ, ಹೆಲ್ಮೆಟ್, ಕುಳಿತು ಬಿದ್ದಾಗ ಪೆಟ್ಟು ತಡೆಯುವ ದಪ್ಪ ಅಸ್ತರಿನ ಚಡ್ಡಿ, ಈ ಮೂರನ್ನು ಮಡಿಕೇರಿಯಿಂದ ಹೊರಡುವ ಮೊದಲೇ ಹೊಂದಿಸಿಕೊಳ್ಳುವುದು ಉತ್ತಮ. ಹೆಲ್ಮೆಟ್ ಬಾಡಿಗೆಗೆ ಸಿಗುತ್ತದೆ. ಮಣಿಕಟ್ಟಿನ ರಕ್ಷಕ ಎಲ್ಲ ಕಡೆ ಸಿಗುತ್ತದೆಂದು ನಂಬಿ ಹೋಗಬೇಡಿ.

ಹಲಗೆ ಯಾವುದಾದರೂ ನಡೆದೀತು, ಬೂಟು ಮಾತ್ರ ನಿಮ್ಮ ಪಾದದ್ದೇ ಆಗಿರಬೇಕು. ನಾನು ಬಾಡಿಗೆಗೆ ಪಡೆದ ಮೊದಲ ಜೊತೆ ಒಂದು ಅಳತೆ ದೊಡ್ಡದಿತ್ತು. ಎರಡು ಜೊತೆ ದಪ್ಪ ಸಾಕ್ಸ್ ಹಾಕಿಕೊಂಡರೆ ಸರಿಯಾಗುತ್ತದೆ ಎಂದು ಅಂಗಡಿಯವರು ಹೇಳಿದ್ದನ್ನು ಒಪ್ಪಿಕೊಂಡೆ. ಪರಿಣಾಮವಾಗಿ ಪ್ರತಿ ಬಾರಿ ಮುಂದಕ್ಕೆ ಬಾಗಿದಾಗ ಬೂಟಿನೊಳಗೆ ಹಿಮ್ಮಡಿ ಮೇಲೇಳುತ್ತಿತ್ತು, ನಾನು ಪಾದದಿಂದ ಹೇಳಿದ್ದು ಹಲಗೆಗೆ ತಲುಪುವಷ್ಟರಲ್ಲಿ ತಡವಾಗುತ್ತಿತ್ತು, ಬೆರಳಿನ ಅಂಚು ನನಗೆ ಒಲಿಯದಿರುವುದು ನನ್ನ ಅಂಜಿಕೆಯಿಂದ ಎಂದು ತಪ್ಪಾಗಿ ತಿಳಿದಿದ್ದೆ. ಸರಿಯಾದ ಬೂಟಿನಲ್ಲಿ ನೇರ ನಿಂತಾಗ ಹೆಬ್ಬೆರಳು ಮುಂಭಾಗವನ್ನು ಮೆಲ್ಲಗೆ ಮುಟ್ಟುತ್ತದೆ, ಮೊಣಕಾಲು ಬಗ್ಗಿಸಿದಾಗ ಹಿಮ್ಮಡಿ ಕದಲುವುದಿಲ್ಲ. ಸಾಕ್ಸ್ ಒಂದೇ ಜೊತೆ ಸಾಕು. ಎರಡು ಹಾಕಿದರೆ ಬಿಗಿತದಿಂದ ರಕ್ತಸಂಚಾರ ಕುಗ್ಗಿ ಪಾದ ಇನ್ನಷ್ಟು ತಣ್ಣಗಾಗುತ್ತದೆ, ಮಡಿಕೆ ಬಿದ್ದಲ್ಲಿ ಬೊಕ್ಕೆ ಏಳುತ್ತದೆ. ಹಲಗೆಯ ವಿಷಯದಲ್ಲಿ, ಲಂಬವಾಗಿ ನಿಲ್ಲಿಸಿದಾಗ ತುದಿ ನಿಮ್ಮ ಗಲ್ಲ ಮತ್ತು ಮೂಗಿನ ನಡುವೆ ಬರುವ, ಸುಲಭವಾಗಿ ಬಾಗುವ ಮೆದುವಾದದ್ದನ್ನು ಕೇಳಿ ಪಡೆಯಿರಿ; ಪಾದಗಳು ಹಲಗೆಯ ಅಗಲದಿಂದ ಬಹಳ ಹೊರಚಾಚಿದರೆ ಓರೆಯಾದಾಗ ಬೂಟು ಹಿಮಕ್ಕೆ ತಗುಲಿ ಬೀಳಿಸುತ್ತದೆ.

ಬಟ್ಟೆಯ ಬಗ್ಗೆ ನಮ್ಮ ಹಿರಿಯರ ಅನುಭವವೇ ದಾರಿ ತೋರಿಸುತ್ತದೆ. ಮಳೆಯಲ್ಲಿ ಕಂಬಳಿ ನೆನೆದರೂ ಮೈ ಬೆಚ್ಚಗಿಡುತ್ತಿತ್ತು, ಹತ್ತಿಯ ಅಂಗಿ ನೆನೆದರೆ ನಡುಕ ಹುಟ್ಟಿಸುತ್ತಿತ್ತು. ಹಿಮದಲ್ಲಿ ಬೆವರುವುದೂ ಬೀಳುವುದೂ ಎರಡೂ ಇರುವುದರಿಂದ ಮೈಗೆ ತಾಗುವ ಪದರ ಉಣ್ಣೆಯದೋ ಕೃತಕ ನೂಲಿನದೋ ಆಗಿರಲಿ, ಹೊರಗಿನದು ನೀರು ಒಳಬಿಡದಂಥದ್ದಾಗಿರಲಿ, ಹತ್ತಿ ಮತ್ತು ಜೀನ್ಸ್ ಬೇಡ. ಹೊಸ ಹಿಮ ತನ್ನ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ಶೇಕಡಾ 80ರವರೆಗೂ ಹಿಂದಿರುಗಿಸಬಲ್ಲದು. ಮೋಡವಿದ್ದ ದಿನವೂ ಗಾಗಲ್ ಮತ್ತು ಮುಖಕ್ಕೆ ಬಿಸಿಲು ತಡೆಯುವ ಕ್ರೀಮು ಇಲ್ಲದೆ ಹೊರಬೀಳಬಾರದು.

ಎತ್ತರದ ವಿಚಾರವನ್ನು ಕೊಡಗಿನವರು ಹಗುರವಾಗಿ ಕಾಣುವ ಸಾಧ್ಯತೆ ಇದೆ, ನಾವು ಗುಡ್ಡದ ಮೇಲೆಯೇ ಬೆಳೆದವರೆಂಬ ಭಾವನೆಯಿಂದ. ನಮ್ಮ ಅತಿ ಎತ್ತರದ ಶಿಖರ ತಡಿಯಂಡಮೋಳ್ 1,748 ಮೀಟರ್. ಗುಲ್ಮಾರ್ಗಿನ ಬಯಲೇ ಸುಮಾರು 2,650 ಮೀಟರ್ ಎತ್ತರದಲ್ಲಿದೆ, ಅಂದರೆ ತಡಿಯಂಡಮೋಳಿನ ತುದಿಗಿಂತ ಸುಮಾರು 900 ಮೀಟರ್ ಮೇಲೆ. ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಕೆಲವರಿಗೆ ತಲೆನೋವು, ವಾಕರಿಕೆ, ನಿದ್ರೆಗೇಡು ಕಾಣಿಸಿಕೊಳ್ಳುತ್ತವೆ. ತಲುಪಿದ ದಿನ ವಿಶ್ರಾಂತಿ ಪಡೆದು, ನೀರು ಚೆನ್ನಾಗಿ ಕುಡಿದು, ಮದ್ಯದಿಂದ ದೂರವಿದ್ದು, ಮರುದಿನ ಹಲಗೆ ಹಿಡಿಯುವುದು ಸರಿ. ತಲೆನೋವು ಹೆಚ್ಚುತ್ತಲೇ ಹೋದರೆ ತಡಮಾಡದೆ ಕೆಳಗಿಳಿಯಬೇಕು.

ಎಲ್ಲಿ ಕಲಿಯುವುದು ಎಂಬುದಕ್ಕೆ ಭಾರತದಲ್ಲಿ ಮುಖ್ಯವಾಗಿ ಮೂರು ಉತ್ತರಗಳಿವೆ: ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ, ಹಿಮಾಚಲದ ಮನಾಲಿ ಬಳಿಯ ಸೋಲಂಗ್. ಗುಲ್ಮಾರ್ಗಿನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿಯಲ್ಲಿರುವ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯಿದೆ, ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯಿದೆ. ಇಂತಹ ಕಡೆ ಸ್ಕೀ ಶಿಬಿರಗಳೇ ಹೆಚ್ಚಾದ್ದರಿಂದ, ಆ ತಂಡದಲ್ಲಿ ಸ್ನೋಬೋರ್ಡ್ ಕಲಿಸುವವರು ಇದ್ದಾರೆಯೇ ಎಂಬುದನ್ನು ಸೇರುವ ಮೊದಲೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಗುಲ್ಮಾರ್ಗಿನ ಹಿಮದ ಕಾಲ ಹೆಚ್ಚುಕಡಿಮೆ ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ. ಅದು ನಮ್ಮ ಕೊಯ್ಲಿನ ಕಾಲವೂ ಹೌದು. ಅರೇಬಿಕಾ ಮುಗಿದು ರೊಬಸ್ಟಾ ಕೊಯ್ಲಿಗೆ ಇನ್ನೂ ಕೈ ಹಚ್ಚದ ವಾರವನ್ನೋ, ರೊಬಸ್ಟಾ ಕಣದಿಂದ ಎದ್ದ ಮೇಲಿನ ದಿನಗಳನ್ನೋ ಆರಿಸಿಕೊಂಡರೆ ಮನೆಯವರಿಗೂ ತೊಂದರೆಯಾಗದು. ಫೆಬ್ರವರಿಯ ಹಿಮ ಸಾಮಾನ್ಯವಾಗಿ ಆಳವಾಗಿರುತ್ತದೆ, ಬಿದ್ದರೂ ಮೈಗೆ ಮೆದು. ಆದರೆ ಮೊಣಕಾಲು ಮುಳುಗುವ ಹೊಸ ಹಿಮದಲ್ಲಿ ಹೊಸಬರ ಹಲಗೆ ಹೂತುಹೋಗುತ್ತದೆ. ಜನರು ಓಡಾಡಿ ಅದುಮಿದ, ಅಥವಾ ಯಂತ್ರದಿಂದ ಸಮಮಾಡಿದ ಇಳಿಜಾರೇ ಕಲಿಕೆಗೆ ಹಿತ. ಬೆಳಿಗ್ಗೆ ಮಂಜುಗಡ್ಡೆಯಾಗಿ ಗಟ್ಟಿಕಟ್ಟಿದ ಇಳಿಜಾರು ಬಿಸಿಲೇರಿದ ಮೇಲೆ ಸಡಿಲವಾಗುವುದರಿಂದ, ಮೊದಲ ದಿನಗಳಲ್ಲಿ ಹತ್ತು ಗಂಟೆಯ ಮೇಲೆ ಆರಂಭಿಸಿದರೆ ನಷ್ಟವೇನಿಲ್ಲ.

ಹೊರಡುವ ಮುಂಚಿನ ಆರು ವಾರ ಮನೆಯಲ್ಲೇ ಕೆಲವು ಅಭ್ಯಾಸಗಳನ್ನು ಮಾಡಬಹುದು. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕುಳಿತಂತೆ ಒಂದು ನಿಮಿಷ ನಿಲ್ಲುವುದು, ಒಂಟಿ ಕಾಲಿನ ಮೇಲೆ ಕುಳಿತೇಳುವುದು, ಕಾಫಿ ಕಣದ ಸಮತಟ್ಟಾದ ನೆಲದಲ್ಲಿ ದಪ್ಪ ಪೈಪಿನ ತುಂಡೊಂದರ ಮೇಲೆ ಹಲಗೆಯಿಟ್ಟು, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಸಮತೋಲ ಅಭ್ಯಾಸ ಮಾಡುವುದು. ಎಲ್ಲಕ್ಕಿಂತ ಹೆಚ್ಚು ಉಪಯುಕ್ತವೆಂದು ನನಗೆ ಕಂಡದ್ದು, ಹುಲ್ಲಿನ ಇಳಿಜಾರಿನಲ್ಲಿ ಎರಡೂ ಪಾದಗಳನ್ನು ಅಡ್ಡವಾಗಿ ಇಟ್ಟುಕೊಂಡು, ಒಮ್ಮೆ ಕಣಿವೆಗೆ ಮುಖ ಮಾಡಿ ಹಿಮ್ಮಡಿಗಳ ಮೇಲೆ, ಒಮ್ಮೆ ಗುಡ್ಡಕ್ಕೆ ಮುಖ ಮಾಡಿ ಬೆರಳುಗಳ ಮೇಲೆ ಭಾರವಿಟ್ಟು ಐದು ನಿಮಿಷ ಸುಮ್ಮನೆ ನಿಲ್ಲುವುದು. ಮೀನಖಂಡ ಮತ್ತು ಮೊಣಕಾಲಿನ ಕೆಳಗಿನ ಮುಂಭಾಗ ಎಲ್ಲಿ ನೋಯುತ್ತವೆ ಎಂಬುದು ಅಲ್ಲಿಯೇ ತಿಳಿಯುತ್ತದೆ, ಹಿಮದ ಮೇಲೆ ನೋಯುವುದೂ ಅಲ್ಲಿಯೇ.

ಇಳಿಜಾರಿನಲ್ಲಿ ಇತರರೊಂದಿಗೆ ನಡೆದುಕೊಳ್ಳುವ ರೀತಿಗೆ ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟದ ಹತ್ತು ನಿಯಮಗಳಿವೆ. ಅವುಗಳಲ್ಲಿ ಹೊಸಬರು ಬಾಯಿಪಾಠ ಮಾಡಬೇಕಾದದ್ದು ಎರಡು: ಕೆಳಗಿರುವವರಿಗೆ ದಾರಿಯ ಹಕ್ಕು, ಮೇಲಿನಿಂದ ಬರುವವರೇ ತಪ್ಪಿಸಿಕೊಂಡು ಹೋಗಬೇಕು; ಇಕ್ಕಟ್ಟಾದ ಜಾಗದಲ್ಲಿ, ಮೇಲಿನವರಿಗೆ ಕಾಣದ ತಿರುವಿನಲ್ಲಿ ನಿಲ್ಲಬಾರದು, ಬಿದ್ದರೆ ಬೇಗ ಪಕ್ಕಕ್ಕೆ ಸರಿಯಬೇಕು. ಸ್ನೋಬೋರ್ಡ್ ಮಾಡುವವರು ಕಟ್ಟು ಬಿಗಿಯಲು ಸಾಲಾಗಿ ನಡುದಾರಿಯಲ್ಲೇ ಕುಳಿತುಬಿಡುವುದು ಎಲ್ಲರಿಗೂ ತೊಂದರೆ.

ಕೊನೆಯದಾಗಿ, ತಳದ ಇಳಿಜಾರನ್ನು ಬಿಟ್ಟು ಮೇಲಕ್ಕೆ ಯಾವಾಗ ಹೋಗಬಹುದು ಎಂಬ ಪ್ರಶ್ನೆ. ಗುಲ್ಮಾರ್ಗಿನ ಗೊಂಡೊಲಾದ, ಅಂದರೆ ಕೇಬಲ್ ಕಾರಿನ, ಮೊದಲ ಹಂತ 1998ರಲ್ಲಿ, ಎರಡನೆಯ ಹಂತ 2005ರಲ್ಲಿ ಆರಂಭವಾದವು. ಮೊದಲನೆಯದು ಕೊಂಗ್‌ಡೋರಿಯವರೆಗೆ, ಎರಡನೆಯದು ಅಫರ್ವಾತ್ ಪರ್ವತದ ಭುಜದ ಮೇಲೆ ಸುಮಾರು 3,950 ಮೀಟರ್ ಎತ್ತರದವರೆಗೆ ಒಯ್ಯುತ್ತವೆ. ಟಿಕೆಟ್ ಕೊಂಡವರೆಲ್ಲರೂ ಮೇಲೇರಬಹುದು, ಹಲಗೆಯ ಮೇಲೆ ಕೆಳಗಿಳಿಯಲು ಬೇರೆಯೇ ಅರ್ಹತೆ ಬೇಕು. ತಳದ ಇಳಿಜಾರಿನಲ್ಲಿ ಎರಡೂ ಅಂಚುಗಳ ಮೇಲೆ, ಬೇಕೆಂದ ಜಾಗದಲ್ಲಿ, ಬೀಳದೆ ನಿಲ್ಲಲು ಬರಬೇಕು. ಎರಡೂ ಕಡೆಗೆ ಸೇರಿ ಹತ್ತು ತಿರುವುಗಳು ಒಂದರ ಹಿಂದೊಂದು ಬರಬೇಕು. ಸಂಜೆಯ ದಣಿವಿನಲ್ಲೂ ಇವು ತಪ್ಪಬಾರದು. ಅಷ್ಟಾದ ಮೇಲೆ ತರಬೇತುದಾರರ ಜೊತೆಗೆ ಕೊಂಗ್‌ಡೋರಿಯಿಂದ ಇಳಿಯುವ ದಾರಿಯನ್ನು ನೋಡಬಹುದು. ಅಫರ್ವಾತಿನ ಮೇಲ್ಭಾಗ ಹಿಮಕುಸಿತದ ಪ್ರದೇಶ. ಅಲ್ಲಿಗೆ ಹೋಗುವವರು ಹಿಮದಡಿ ಸಿಕ್ಕವರನ್ನು ಪತ್ತೆಹಚ್ಚುವ ಟ್ರಾನ್ಸೀವರ್, ಶೋಧಿಸುವ ಕಡ್ಡಿ, ಸಲಿಕೆ ಹೊತ್ತುಕೊಂಡು, ಅವುಗಳ ಬಳಕೆ ಬಲ್ಲವರ ಜೊತೆಗೆ, ಆ ದಿನದ ಎಚ್ಚರಿಕೆಯನ್ನು ಓದಿಕೊಂಡು ಹೋಗುತ್ತಾರೆ. ಮೊದಲ ವರ್ಷದವರು ಅಲ್ಲಿಗೆ ಹೋಗಬಾರದು.